ಹಳೇ ಹಮಾಮು, ಹಳೇ ಬಟ್ಟಲು

ತುರ್ಕಿಯಲ್ಲಿ ಒಂದು ನಾಣ್ಣುಡಿ ಇದೆ: ‘ಹಳೇ ಹಮಾಮು, ಹಳೇ ಬಟ್ಟಲು’. ನಾವು ‘ಅದೇ ರಾಗ, ಅದೇ ಹಾಡು’ ಅನ್ನುವ ಕಡೆ ಅವರು ಹೀಗನ್ನುತ್ತಾರೆ. ಎಷ್ಟು ದಿನ ಕಳೆದರೂ ಏನೂ ಬದಲಾಗಿಲ್ಲ ಅಂತ ಅರ್ಥ. ಹಮಾಮು ಅಂದರೆ ಊರವರೆಲ್ಲ ಬಂದು ಸ್ನಾನ ಮಾಡುವ ಮನೆ. ಬಟ್ಟಲು ಅಂದರೆ ಅಲ್ಲಿ ನೀರು ಮೊಗೆದು ಮೈಮೇಲೆ ಸುರಿದುಕೊಳ್ಳುವ ಲೋಹದ ಬಟ್ಟಲು.

ತಮಾಷೆ ಏನಂದರೆ, ಹಳೇ ಹಮಾಮನ್ನು ಹಳೇ ಹಮಾಮಾಗಿಯೇ ಉಳಿಸಿಕೊಳ್ಳುವುದು ಭಾರೀ ಕಷ್ಟದ ಕೆಲಸ. ಇಸ್ತಾಂಬುಲ್‌ನ ಝೇರೆಕ್ ಬಡಾವಣೆಯಲ್ಲಿ ಚಿನಿಲಿ ಹಮಾಮು ಅಂತ ಒಂದಿದೆ. ಹತ್ತಿರಹತ್ತಿರ 500 ವರ್ಷ ಹಳೆಯದು. 2010ರಲ್ಲಿ ಅದನ್ನು ಕೊಂಡವರು ಮೂರು ವರ್ಷದಲ್ಲಿ ರಿಪೇರಿ ಮುಗಿಸುವ ಲೆಕ್ಕ ಹಾಕಿದ್ದರು. ಬಾಗಿಲು ತೆರೆದಿದ್ದು 2023ರಲ್ಲಿ. ಖರ್ಚು ಒಂದೂವರೆ ಕೋಟಿ ಡಾಲರ್ ದಾಟಿತು. ಇದಕ್ಕೂ ತುರ್ಕಿಯಲ್ಲಿ ಗಾದೆ ಇದೆ: ‘ಹಮಾಮಿಗೆ ಹೊಕ್ಕವನು ಬೆವರಲೇಬೇಕು’.

ಗೋಡೆಗೆ ಸುಣ್ಣ ಬಳಿದು, ಒಡೆದ ಕಲ್ಲು ಬದಲಿಸೋಕೆ ಹದಿಮೂರು ವರ್ಷ ಯಾಕೆ ಬೇಕು? ಹೊರಗಿನಿಂದ ನೋಡಿದರೆ ಹಮಾಮು ಗುಮ್ಮಟಗಳಿರುವ ಒಂದು ಕಟ್ಟಡ, ಅಷ್ಟೆ. ಅಸಲಿಗೆ ಅದೊಂದು ದೊಡ್ಡ ಒಲೆ. ಮನುಷ್ಯರು ಒಳಗೆ ಕೂತು ಸ್ನಾನ ಮಾಡುವಂಥ ಒಲೆ. ಈ ಒಲೆ ಹೇಗೆ ಉರಿಯುತ್ತೆ ಅಂತ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತೆ.

ನೆಲದ ಕೆಳಗಿನ ನರಕ

ನಮ್ಮ ಹಳೇ ಮನೆಗಳ ಬಚ್ಚಲನ್ನು ನೆನಪು ಮಾಡಿಕೊಳ್ಳಿ. ಹಂಡೆ, ಅದರ ಕೆಳಗೆ ಒಲೆ, ಒಲೆಗೆ ತೆಂಗಿನ ಗರಿ ಇಲ್ಲವೇ ಸೌದೆ. ಬೆಂಕಿ ನೀರನ್ನು ಕಾಯಿಸುತ್ತೆ. ಹೊಗೆ ಮೇಲೆ ಹೋಗುತ್ತೆ, ಅದರ ಜೊತೆ ಅರ್ಧ ಶಾಖವೂ ಹೋಗುತ್ತೆ. ಹಮಾಮು ಕಟ್ಟಿದವರು ಆ ಹೊಗೆಯನ್ನು ಸುಮ್ನೆ ಬಿಡಲಿಲ್ಲ.

ಹಮಾಮಿನ ಹಿಂಬದಿಯಲ್ಲಿ, ಸ್ನಾನಕ್ಕೆ ಬಂದವರ ಕಣ್ಣಿಗೆ ಬೀಳದ ಕಡೆ, ಒಲೆಕೋಣೆ ಇರುತ್ತೆ. ತುರ್ಕಿ ಭಾಷೆಯಲ್ಲಿ ‘ಕ್ಯುಲ್ಹಾನ್’. ಬೆಂಕಿಯ ಮೇಲೆ ದೊಡ್ಡ ತಾಮ್ರದ ಕಡಾಯಿ, ಅದಕ್ಕೆ ಸೇರಿಕೊಂಡಂತೆ ಬಿಸಿನೀರಿನ ತೊಟ್ಟಿ. ಇಲ್ಲಿವರೆಗೆ ನಮ್ಮ ಹಂಡೆಯ ಕಥೆಯೇ. ಆಮೇಲೆ ದಾರಿ ಬೇರೆಯಾಗುತ್ತೆ. ಬೆಂಕಿಯ ಜ್ವಾಲೆ, ಹೊಗೆ ಎರಡೂ ನೇರ ಮೇಲೆ ಹೋಗದೆ ಸ್ನಾನದ ಕೋಣೆಯ ನೆಲದ ಅಡಿಗೆ ನುಗ್ಗುತ್ತವೆ. ಅಲ್ಲಿ ನೆಲ ಮಣ್ಣಿಗೆ ಅಂಟಿಕೊಂಡಿಲ್ಲ. ಸಾಲುಸಾಲು ಗಿಡ್ಡ ಕಂಬಗಳ ಮೇಲೆ ಕಲ್ಲುಚಪ್ಪಡಿ ಹೊದಿಸಿರುತ್ತಾರೆ. ಆ ಕಂಬಗಳ ನಡುವಿನ ಪೊಳ್ಳಿಗೆ ಹೆಸರೇನು ಗೊತ್ತಾ? ‘ಜೆಹೆನ್ನೆಮ್‌ಲಿಕ್’. ಜಹನ್ನಮ್ ಅಂದರೆ ನರಕ. ನರಕದ ಮೇಲೆ ಕೂತು ಆರಾಮಾಗಿ ಮೈ ತಿಕ್ಕಿಸಿಕೊಳ್ಳುವುದು ಅಂದರೆ ಇದೇ.

ನರಕದಲ್ಲಿ ಒಂದು ಸುತ್ತು ಹಾಕಿದ ಹೊಗೆ ಗೋಡೆಯೊಳಗೆ ಹುದುಗಿಸಿರುವ ಮಣ್ಣಿನ ಕೊಳವೆಗಳಲ್ಲಿ ಮೇಲೇರುತ್ತೆ. ಚಾವಣಿ ದಾಟಿ ಹೊರಬೀಳುವಷ್ಟರಲ್ಲಿ ಅದರ ಬಿಸಿಯೆಲ್ಲ ಹೀರಿ ಮುಗಿದಿರುತ್ತೆ. ಒಂದೇ ಬೆಂಕಿ ನೀರನ್ನು ಕಾಯಿಸಿತು, ನೆಲವನ್ನು ಕಾಯಿಸಿತು, ಗೋಡೆಯನ್ನೂ ಕಾಯಿಸಿತು. ಗೋಡೆ ದಪ್ಪ ಇರುವುದರಿಂದ ಹಿಡಿದ ಶಾಖವನ್ನು ಬೇಗ ಬಿಡುವುದಿಲ್ಲ. ಹಾಗಾಗಿ ಹಮಾಮಿನ ಒಲೆಯನ್ನು ದಿನಾ ಹೊತ್ತಿಸಿ ದಿನಾ ಆರಿಸುವ ಮಾತಿಲ್ಲ. ತಣ್ಣಗಾದ ಹಮಾಮು ಮತ್ತೆ ಕಾಯೋಕೆ ದಿನಗಟ್ಟಲೆ ಬೇಕು.

ಈ ಉಪಾಯ ತುರ್ಕರು ಕಂಡುಹಿಡಿದದ್ದಲ್ಲ. ರೋಮನ್ನರದ್ದು. ಇಸ್ತಾಂಬುಲ್ ಕಾನ್‌ಸ್ಟಾಂಟಿನೋಪಲ್ ಆಗಿದ್ದಾಗ ಅಲ್ಲಿ ಝ್ಯೂಕ್ಸಿಪಸ್ ಅನ್ನುವ ಭಾರೀ ಸ್ನಾನಗೃಹ ಇತ್ತು. ಸಾವಿರ ವರ್ಷ ಕಳೆದ ಮೇಲೆ ಅದರ ಹತ್ತಿರದಲ್ಲೇ ಸುಲೇಮಾನ್ ಸುಲ್ತಾನನ ಹೆಂಡತಿ ಹುರ್ರೆಮ್ ತನ್ನ ಹಮಾಮನ್ನು ಕಟ್ಟಿಸಿದಳು.

ಆದರೆ ಸ್ನಾನ ಮಾಡುವ ರೀತಿ ಬದಲಾಯಿತು. ರೋಮನ್ನರು ಕೊಳದೊಳಗೆ ಇಳಿದು ಕೂರುತ್ತಿದ್ದರು. ನಿಂತ ನೀರಿನಲ್ಲಿ ಹತ್ತು ಜನ ಮಿಂದರೆ ಅದು ಶುದ್ಧ ಹೇಗಾಗುತ್ತೆ? ಮುಸ್ಲಿಮರಿಗೆ ಹರಿಯುವ ನೀರೇ ಬೇಕು. ಅದಕ್ಕೇ ಹಮಾಮಿನಲ್ಲಿ ದೊಡ್ಡ ಕೊಳ ಸಾಮಾನ್ಯವಾಗಿ ಕಾಣುವುದಿಲ್ಲ. ಗೋಡೆಯ ಪಕ್ಕದಲ್ಲಿ ಅಲ್ಲಲ್ಲಿ ಅಮೃತಶಿಲೆಯ ಪುಟ್ಟ ತೊಟ್ಟಿಗಳಿರುತ್ತವೆ. ಹೆಸರು ‘ಕುರ್ನಾ’. ಅದರ ತಳದಲ್ಲಿ ನೀರು ಹೋಗುವ ತೂತೇ ಇಲ್ಲ. ನಲ್ಲಿಯಿಂದ ಬಿಸಿ-ತಣ್ಣೀರು ಬೆರೆಸಿಕೊಂಡು, ಬಟ್ಟಲಿನಲ್ಲಿ ಮೊಗೆದು, ಮೈಮೇಲೆ ಸುರಿದುಕೊಳ್ಳಬೇಕು. ಸುರಿದ ನೀರು ನೆಲಕ್ಕೆ ಬಿದ್ದು ಕಾಲುವೆ ಸೇರುತ್ತೆ. ಒಂದು ತೊಟ್ಟು ಸೋಪಿನ ನೀರು ಕೂಡ ಮತ್ತೆ ತೊಟ್ಟಿಗೆ ಸಿಡಿಯಬಾರದು. ಸಿಡಿದರೆ ಪಕ್ಕದಲ್ಲಿ ಕೂತ ಅಜ್ಜಿ ಬೈಯುವುದು ಗ್ಯಾರಂಟಿ. ಎಂಜಲು, ಮೈಲಿಗೆ ಅಂತ ಬೆಳೆದ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಒಳಗೆ ಹೋದವರು ಒಂದೇ ಸಲ ಬಿಸಿಗೆ ಬೀಳುವುದಿಲ್ಲ. ಮೊದಲು ಬಟ್ಟೆ ಬಿಚ್ಚುವ ದೊಡ್ಡ ಹಾಲು. ನಡುವೆ ಕಾರಂಜಿ, ಸುತ್ತ ಕಟ್ಟೆ. ಸೊಂಟಕ್ಕೆ ತೆಳುವಾದ ಪಂಚೆಯಂಥ ‘ಪೆಶ್ತೆಮಾಲ್’ ಸುತ್ತಿಕೊಂಡು, ಕಾಲಿಗೆ ಮರದ ಪಾದುಕೆ ಹಾಕಿಕೊಂಡು ಬೆಚ್ಚನೆಯ ಕೋಣೆಗೆ. ಅಲ್ಲಿ ಮೈ ಹದವಾದ ಮೇಲೆ ಬಿಸಿ ಕೋಣೆ. ಅದರ ನಟ್ಟನಡುವೆ ಮೊಣಕಾಲೆತ್ತರದ ಅಮೃತಶಿಲೆಯ ಜಗಲಿ. ಅದಕ್ಕೆ ‘ಹೊಕ್ಕುಳ ಕಲ್ಲು’ ಅಂತ ಹೆಸರು. ನರಕದ ಬಿಸಿ ಅಲ್ಲಿ ಚೆನ್ನಾಗಿ ಏರುತ್ತೆ. ಅದರ ಮೇಲೆ ಅಂಗಾತ ಮಲಗಿದರೆ ಗುಮ್ಮಟ ಪೂರ್ತಿ ಕಾಣುತ್ತೆ. ಗುಮ್ಮಟದ ತುಂಬ ನಕ್ಷತ್ರದಂಥ, ದುಂಡಗಿನ ತೂತುಗಳು, ಅವಕ್ಕೆ ಗಂಟೆಯಾಕಾರದ ಗಾಜಿನ ಮುಚ್ಚಳ. ಇವುಗಳನ್ನು ‘ಆನೆಕಣ್ಣು’ ಅನ್ನುತ್ತಾರೆ. ಕಿಟಕಿ ಇಟ್ಟರೆ ಶಾಖ ಹೋಗುತ್ತೆ, ಹೊರಗಿನವರ ಕಣ್ಣೂ ಒಳಗೆ ಬೀಳುತ್ತೆ. ಆನೆಕಣ್ಣಿನಲ್ಲಿ ಬೆಳಕು ಮಾತ್ರ ಬರುತ್ತೆ. ಹಬೆಯಲ್ಲಿ ಆ ಬೆಳಕು ಕೋಲುಕೋಲಾಗಿ ಇಳಿಯುತ್ತೆ.

ಅರ್ಧ ಗಂಟೆ ಬೆವರಿದ ಮೇಲೆ ತಿಕ್ಕುವವನು ಬರುತ್ತಾನೆ. ಗಂಡಸರ ಕಡೆ ‘ತೆಲ್ಲಾಕ್’, ಹೆಂಗಸರ ಕಡೆ ‘ನಾತಿರ್’. ಕೈಗೆ ‘ಕೆಸೆ’ ಅನ್ನುವ ಒರಟು ಬಟ್ಟೆಯ ಚೀಲ ತೊಟ್ಟು, ಸೋಪಿಲ್ಲದೆ ಮೈಯೆಲ್ಲ ಉಜ್ಜುತ್ತಾನೆ. ತೋಳಿನ ಮೇಲಿಂದ ಬೂದು ಬಣ್ಣದ ಎಳೆಗಳು ಶಾವಿಗೆಯಂತೆ ಸುರುಳಿ ಸುತ್ತಿಕೊಂಡು ಉದುರುತ್ತವೆ. ದಿನಾ ಸ್ನಾನ ಮಾಡುವವರಿಗೂ ಇಷ್ಟು ಕೊಳೆ ಇತ್ತಾ ಅಂತ ನಾಚಿಕೆಯಾಗುತ್ತೆ. ಆಮೇಲೆ ಒಂದು ಬಟ್ಟೆಚೀಲವನ್ನು ಸೋಪಿನ ನೀರಲ್ಲಿ ಅದ್ದಿ, ಗಾಳಿಯಲ್ಲಿ ಬೀಸಿ ಉಬ್ಬಿಸಿ, ಮೇಲಿನಿಂದ ಕೆಳಕ್ಕೆ ಹಿಂಡುತ್ತಾನೆ. ಮೈಮೇಲೆ ನೊರೆಯ ರಾಶಿ ಬೀಳುತ್ತೆ. ಬಿದ್ದದ್ದು ಗೊತ್ತೇ ಆಗದಷ್ಟು ಹಗುರ.

ಹೆಂಗಸರಿಗೆ ಹಮಾಮು ಬರೀ ಸ್ನಾನದ ಜಾಗ ಆಗಿರಲಿಲ್ಲ. ಮದುವೆಗೆ ಮುಂಚೆ ಮದುಮಗಳ ಸ್ನಾನ ಅಲ್ಲೇ. ಬಾಣಂತಿಗೆ ನಲವತ್ತನೇ ದಿನದ ಸ್ನಾನವೂ ಅಲ್ಲೇ. ಮಗನಿಗೆ ಹೆಣ್ಣು ಹುಡುಕುತ್ತಿರುವ ತಾಯಂದಿರು ಕಣ್ಣಾಡಿಸುತ್ತಿದ್ದದ್ದೂ ಅಲ್ಲೇ.

ಸ್ನಾನದ ದುಡ್ಡಿನಲ್ಲಿ ಪುಸ್ತಕ

ಇಷ್ಟೊಂದು ಹಮಾಮುಗಳನ್ನು ಸುಲ್ತಾನರು, ಅವರ ಕೈಕೆಳಗಿನ ದೊಡ್ಡ ಅಧಿಕಾರಿಗಳಾದ ಪಾಶಾಗಳು ಯಾಕೆ ಕಟ್ಟಿಸಿದರು? ಪುಣ್ಯಕ್ಕೆ ಅಂತ ಒಂದು ಉತ್ತರ. ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಉತ್ತರ: ಬಾಡಿಗೆಗೆ.

ತುರ್ಕರ ಆಟೊಮನ್ ಸಾಮ್ರಾಜ್ಯದ ಕಾಲದಲ್ಲಿ ದೊಡ್ಡವರು ಮಸೀದಿ, ಮದರಸಾ, ಗ್ರಂಥಾಲಯ ಕಟ್ಟಿಸಿದರೆ ಅವು ಮುಂದೆ ನಡೆಯೋಕೆ ಒಂದು ವರಮಾನದ ದಾರಿಯನ್ನೂ ಮಾಡುತ್ತಿದ್ದರು. ಅದೇ ವಕ್ಫ್ ದತ್ತಿ. ನಮ್ಮ ಅರಸರು ದೇವಸ್ಥಾನಕ್ಕೆ ಗದ್ದೆ ಬಿಟ್ಟುಕೊಟ್ಟ ಹಾಗೆ. ಗದ್ದೆಯ ಬದಲು ಇಲ್ಲಿ ಅಂಗಡಿ ಸಾಲು, ಛತ್ರ, ಹಮಾಮು. ಹಮಾಮು ಒಳ್ಳೇ ಆಸ್ತಿ, ಯಾಕೆಂದರೆ ಮಳೆ ಬರಲಿ, ಬರ ಬರಲಿ, ಜನ ಮೈ ತೊಳೆಯಲೇಬೇಕು.

ಚಿನಿಲಿ ಹಮಾಮು ಹುಟ್ಟಿದ್ದೂ ಹೀಗೆ. 1530-40ರ ದಶಕದ ಮಾತು. ಆಟೊಮನ್ ನೌಕಾಪಡೆಯ ದಂಡನಾಯಕ ಬಾರ್ಬರೋಸ್ ಹೈರೆದ್ದೀನ್ ಪಾಶಾ ಬೆಶಿಕ್ತಾಶ್‌ನಲ್ಲಿ ಒಂದು ಮದರಸಾ ಮಾಡಿದ್ದ. ಅದರ ಖರ್ಚಿಗೆ ಊರಿನ ಇನ್ನೊಂದು ಕಡೆ, ಝೇರೆಕ್‌ನಲ್ಲಿ, ಹಮಾಮು ಕಟ್ಟಿಸಿದ. ಕಟ್ಟಿದ್ದು ಮಿಮಾರ್ ಸಿನಾನ್. ಮಿಮಾರ್ ಅಂದರೆ ಕಟ್ಟಡ ಶಿಲ್ಪಿ. ಮುಂದೆ ಸುಲೇಮಾನಿಯೆ ಮಸೀದಿ ಕಟ್ಟಿದವನೂ ಅವನೇ. ಯುರೋಪಿನವರು ಕೆಂಪುಗಡ್ಡದವ ಅಂತ ಹೆದರುತ್ತಿದ್ದ ಈ ಬಾರ್ಬರೋಸ್ ಒಬ್ಬ ಕುಂಬಾರನ ಮಗ ಅಂತಾರೆ. ಅವನ ಹಮಾಮು ಹೆಸರಾದದ್ದೂ ಸುಟ್ಟ ಮಣ್ಣಿನ ಕೆಲಸಕ್ಕೇ. ‘ಚಿನಿ’ ಅಂದರೆ ಬಣ್ಣದ ಟೈಲು. ನಮ್ಮ ಚೀನೀ ಪಿಂಗಾಣಿಯ ‘ಚೀನಿ’ಯೇ ಅದು.

ಇನ್ನೊಂದು ಉದಾಹರಣೆ. 1741ರಲ್ಲಿ ಒಂದನೇ ಮಹಮೂದ್ ಸುಲ್ತಾನ ಜಾಲೊಲು ಹಮಾಮು ಕಟ್ಟಿಸಿದ. ಅದರ ಆದಾಯ ಹೋಗುತ್ತಿದ್ದದ್ದು ಆಯಾಸೋಫಿಯಾ ಮಸೀದಿಯಲ್ಲಿ ಅವನೇ ಮಾಡಿದ ಗ್ರಂಥಾಲಯಕ್ಕೆ. ಜನ ಬೆನ್ನು ತಿಕ್ಕಿಸಿಕೊಂಡ ಕಾಸಿನಲ್ಲಿ ಪುಸ್ತಕಗಳು ಉಳಿದವು!

ಹಮಾಮು ಊರಿನ ಸುದ್ದಿಕಟ್ಟೆಯೂ ಹೌದು. 1730ರಲ್ಲಿ ಮೂರನೇ ಅಹ್ಮದ್ ಸುಲ್ತಾನನನ್ನು ಗಾದಿಯಿಂದ ಇಳಿಸಿದ ದಂಗೆಯ ನಾಯಕ ಪತ್ರೋನಾ ಹಲೀಲ್. ಅವನು ಬೆಯಾಝಿತ್ ಹಮಾಮಿನಲ್ಲಿ ಬೆನ್ನು ತಿಕ್ಕುತ್ತಿದ್ದ ತೆಲ್ಲಾಕ್ ಅಂತ ಹೇಳುತ್ತಾರೆ. ಆ ಹಮಾಮಿನ ಬುಡದ ಗೋಡೆಯಲ್ಲಿ ಒಂದು ವಿಚಿತ್ರ ಇದೆ. ಥಿಯೊಡೋಸಿಯಸ್ ಚಕ್ರವರ್ತಿಯ ಸ್ತಂಭ ಬಿದ್ದುಹೋದ ಮೇಲೆ ಅದರ ಚೂರುಗಳನ್ನು ಕಟ್ಟಡದ ಕಲ್ಲಾಗಿ ಬಳಸಿದ್ದಾರೆ. ಕೆತ್ತನೆಯಲ್ಲಿರುವ ರೋಮನ್ ಸೈನಿಕರು ಅಲ್ಲಿ ತಲೆಕೆಳಗಾಗಿ ಮಾರ್ಚ್ ಮಾಡುತ್ತಿದ್ದಾರೆ. ಕಲ್ಲು ಸಿಕ್ಕಿತು, ಹಾಕಿದರು, ಅಷ್ಟೇ.

ಒಲೆ ಆರಿದ ಮೇಲೆ

ಹಮಾಮಿನ ಹಸಿವು ದೊಡ್ಡದು. ರಾಶಿ ಸೌದೆ, ಹೊಳೆಯಷ್ಟು ನೀರು. ಇಸ್ತಾಂಬುಲ್ ಬೆಳೆದಂತೆ ಎರಡೂ ಸಾಲದೇ ಬಂದವು. 1768ರಲ್ಲಿ ಮೂರನೇ ಮುಸ್ತಫಾ ಸುಲ್ತಾನ ಊರಿನಲ್ಲಿ ಹೊಸದಾಗಿ ದೊಡ್ಡ ಹಮಾಮು ಕಟ್ಟಬಾರದು ಅಂತ ಹುಕುಂ ಹೊರಡಿಸಿದ. ಆಮೇಲೆ ಬೆಂಕಿ ಅನಾಹುತಗಳು, 1894ರ ಭೂಕಂಪ, ಸಾಮ್ರಾಜ್ಯದ ಪತನ. ಕೊನೆಯ ಪೆಟ್ಟು ಕೊಟ್ಟದ್ದು ಮಾತ್ರ ತೀರಾ ಸಾದಾ ವಸ್ತು: ಮನೆಯೊಳಗಿನ ನಲ್ಲಿ. ಮನೆಯಲ್ಲೇ ಬಿಸಿನೀರು ಬಂದ ಮೇಲೆ ಹಮಾಮಿಗೆ ಯಾರು ಹೋಗುತ್ತಾರೆ?

ಗಿರಾಕಿ ಇಲ್ಲದಿದ್ದರೆ ಒಲೆ ಆರುತ್ತೆ. ಒಲೆ ಆರಿದರೆ ಗೋಡೆ ತಣ್ಣಗಾಗುತ್ತೆ, ತೇವ ಹಿಡಿಯುತ್ತೆ. ಹುರ್ರೆಮ್ ಸುಲ್ತಾನಳ ಹಮಾಮನ್ನೇ ನೋಡಿ. 1556-57ರಲ್ಲಿ ಸಿನಾನ್ ಕಟ್ಟಿದ್ದು. 75 ಮೀಟರ್ ಉದ್ದ. ಗಂಡಸರ ಭಾಗ, ಹೆಂಗಸರ ಭಾಗ ಎರಡೂ ಬೆನ್ನಿಗೆ ಬೆನ್ನು ತಾಗಿಸಿ ಒಂದೇ ಗೆರೆಯಲ್ಲಿವೆ. 1910ರಲ್ಲಿ ಮುಚ್ಚಿದ ಮೇಲೆ ಅದು ಏನೇನಾಗಲಿಲ್ಲ! ಪಕ್ಕದ ಜೈಲು ತುಂಬಿದಾಗ ಕೈದಿಗಳನ್ನು ಇಟ್ಟರು. ಕಾಗದದ ಗೋದಾಮಾಯಿತು. ಕೊನೆಗೆ ವರ್ಷಗಟ್ಟಲೆ ರತ್ನಗಂಬಳಿ ಅಂಗಡಿ. 2008ರಿಂದ 2011ರವರೆಗೆ ಜೀರ್ಣೋದ್ಧಾರ ಮಾಡಿ ಮತ್ತೆ ಸ್ನಾನಕ್ಕೆ ಬಿಟ್ಟರು. ಸಿನಾನ್‌ನದ್ದೇ ಇನ್ನೊಂದು, ತೋಪ್‌ಹಾನೆಯ ಕಿಲಿಚ್ ಅಲಿ ಪಾಶಾ ಹಮಾಮು, ಏಳು ವರ್ಷದ ಕೆಲಸದ ನಂತರ 2012ರಲ್ಲಿ ತೆರೆಯಿತು.

ರಿಪೇರಿಯಲ್ಲಿ ಅಷ್ಟು ದಿನ ಯಾವುದಕ್ಕೆ ಹೋಗುತ್ತೆ? ಜಾಸ್ತಿ ಹೋಗುವುದು ಹಿಂದಿನ ರಿಪೇರಿಯನ್ನು ಕಿತ್ತು ತೆಗೆಯೋಕೆ. ಇಪ್ಪತ್ತನೇ ಶತಮಾನದಲ್ಲಿ ಎಲ್ಲ ಕಡೆ ಸಿಮೆಂಟ್ ಬಳಿದರು. ಹಳೆಯ ಗಾರೆ ಸುಣ್ಣ ಮತ್ತು ಇಟ್ಟಿಗೆ ಪುಡಿಯದ್ದು, ತುರ್ಕಿಯಲ್ಲಿ ‘ಹೊರಾಸಾನ್’ ಅನ್ನುತ್ತಾರೆ. ನಮ್ಮ ಊರಿನ ಮೇಸ್ತ್ರಿಗಳ ಬಾಯಲ್ಲಿ ಇದು ಸುರ್ಕಿ ಗಾರೆ. ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದೂ ಸುರ್ಕಿಯೇ. ಇಟ್ಟಿಗೆ ಪುಡಿ ಸೇರಿದ ಸುಣ್ಣ ನೀರಿನಲ್ಲೂ ಗಟ್ಟಿಯಾಗುತ್ತೆ, ಆದರೆ ಉಸಿರಾಡುವುದನ್ನು ಬಿಡುವುದಿಲ್ಲ. ಗೋಡೆಯೊಳಗಿನ ತೇವ ಅದರ ಮೂಲಕ ಮೆಲ್ಲಗೆ ಹೊರಗೆ ಹೋಗುತ್ತೆ. ಸಿಮೆಂಟ್ ಹಾಗಲ್ಲ, ಬಾಯಿ ಮುಚ್ಚಿಬಿಡುತ್ತೆ. ತೇವ ಒಳಗೇ ಸಿಕ್ಕಿಕೊಂಡು, ನೀರಿನಲ್ಲಿ ಕರಗಿದ ಉಪ್ಪು ಹರಳುಗಟ್ಟಿ, ಇಟ್ಟಿಗೆಯನ್ನು ಒಳಗಿನಿಂದ ಹಿಟ್ಟು ಮಾಡುತ್ತೆ. ಹೊರಗೆ ನುಣ್ಣಗೆ ಕಾಣುವ ಗೋಡೆ ಒಳಗೆ ಪುಡಿಪುಡಿ. ಹೀಗಾಗಿ ಸಿಮೆಂಟನ್ನು ಉಳಿಯಲ್ಲಿ, ಅಂಗೈಯಗಲ ಅಂಗೈಯಗಲ ಬಿಡಿಸಬೇಕು. ಅವಸರ ಮಾಡಿದರೆ ಹಳೇ ಇಟ್ಟಿಗೆಯೂ ಕಿತ್ತುಬರುತ್ತೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಕಾಗದದ ಕೆಲಸವೂ ಇದೆ. ತುರ್ಕಿಯಲ್ಲಿ ಮೂರು ನಕಾಶೆ ಮಾಡಬೇಕು. ಕಟ್ಟಡ ಈಗ ಹೇಗಿದೆ ಅಂತ ಒಂದು. ಒಂದಾನೊಂದು ಕಾಲದಲ್ಲಿ ಹೇಗಿತ್ತು ಅಂತ ಸಾಕ್ಷಿ ಸಮೇತ ಇನ್ನೊಂದು. ಏನು ಮಾಡಬೇಕು ಅಂತ ಮೂರನೆಯದು. ಸಂರಕ್ಷಣಾ ಮಂಡಳಿ ಒಪ್ಪಿದ ಮೇಲೇ ಉಳಿ ಎತ್ತುವುದು. ನಡುವೆ ನೆಲದಡಿ ಏನಾದರೂ ಸಿಕ್ಕಿತೋ, ಎಲ್ಲ ಮತ್ತೆ ಮೊದಲಿಂದ.

ಝೇರೆಕ್‌ನಲ್ಲಿ ಆಗಿದ್ದೂ ಅದೇ. ಆ ಬಡಾವಣೆಯೇ ಬೈಜಾಂಟಿಯಂ ಕಾಲದ್ದು, ಅಂದರೆ ತುರ್ಕರಿಗಿಂತ ಮುಂಚೆ ಊರನ್ನು ಆಳಿದ ಪೂರ್ವ ರೋಮನ್ನರ ಕಾಲದ್ದು. ಹನ್ನೆರಡನೇ ಶತಮಾನದ ಪಾಂಟೊಕ್ರೇಟರ್ ಮಠ, ಈಗ ಮಸೀದಿ, ಅಲ್ಲೇ ಇದೆ. ಅಂಥ ಕಡೆ ನೆಲ ಅಗೆದರೆ ಖಾಲಿ ಮಣ್ಣು ಸಿಗುತ್ತಾ? ಹಮಾಮಿನ ಅಡಿಯಲ್ಲಿ ಬೈಜಾಂಟಿಯಂ ಕಾಲದ ನೀರಿನ ತೊಟ್ಟಿಗಳು ಹೊರಬಂದವು. ಒಂದು ತೊಟ್ಟಿಯ ಗೋಡೆಯಲ್ಲಿ ಯಾರೋ ಗೀರಿದ ಪುಟ್ಟ ಪುಟ್ಟ ಹಡಗುಗಳ ಚಿತ್ರ. ಕಲಾವಿದನ ಕೈಯಲ್ಲ. ಮಕ್ಕಳು ಗೋಡೆಯ ಮೇಲೆ ಗೀಚಿದ ಹಾಗೆ, ಕಡ್ಡಿ ಕಡ್ಡಿ ಗೆರೆ. ನೌಕಾಪಡೆಯ ದಂಡನಾಯಕ ಕಟ್ಟಿಸಿದ ಹಮಾಮಿನ ಕೆಳಗೆ ಹಡಗಿನ ಚಿತ್ರ! ಕಥೆಗಾರನಾದರೆ ಇಷ್ಟು ಸಲೀಸಾಗಿ ಹೊಂದಿಸೋಕೆ ಹಿಂಜರಿಯುತ್ತಿದ್ದ.

ಜೊತೆಗೆ ಟೈಲಿನ ಚೂರುಗಳು. ಸುಮಾರು 3,000.

ಈ ಟೈಲುಗಳ ಕಥೆ ಹೇಳಲೇಬೇಕು. ಒಂದು ಕಾಲದಲ್ಲಿ ಇಲ್ಲಿನ ಗೋಡೆಗಳ ಮೇಲೆ ಇಝ್ನಿಕ್ ಊರಿನ ಕುಲುಮೆಗಳಲ್ಲಿ ಸುಟ್ಟ 10,000ಕ್ಕೂ ಜಾಸ್ತಿ ಟೈಲುಗಳಿದ್ದವು. 37 ಬಗೆಯ ಚಿತ್ತಾರ. ಬಿಳಿ, ನೀಲಿ, ಹಸಿರು ಬೆರೆತ ತಿಳಿನೀಲಿ. ಇಝ್ನಿಕ್ ಅಂದರೆ ಎಲ್ಲರಿಗೂ ನೆನಪಾಗುವ ಟೊಮೆಟೊ ಕೆಂಪು ಇಲ್ಲಿಲ್ಲ. ಆ ಕೆಂಪು ಬಂದದ್ದು 1550ರ ನಂತರ, ಇವು ಅದಕ್ಕೂ ಹಳೆಯವು. ಇವುಗಳ ಒಡಲು ಬರೀ ಜೇಡಿಮಣ್ಣಲ್ಲ, ಬಹುಪಾಲು ಬೆಣಚುಕಲ್ಲಿನ ಪುಡಿ. ಅದರ ಮೇಲೆ ಬಿಳಿ ಲೇಪ, ಆಮೇಲೆ ಚಿತ್ರ, ಕೊನೆಗೆ ಗಾಜಿನಂಥ ಮೆರುಗು. ಹಬೆ, ಬಿಸಿ ಎರಡೂ ಇರುವ ಕಡೆ ಟೈಲು ಅಂಟಿಸುವುದು ಸುಲಭ ಅಲ್ಲ. ಗೋಡೆ, ಟೈಲು ಎರಡೂ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ.

ಬೆಂಕಿ, ಭೂಕಂಪಗಳಲ್ಲಿ ಕೆಲವು ಉದುರಿದವು. ಉದುರದೇ ಉಳಿದವುಗಳಲ್ಲಿ ಎಷ್ಟೋ ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್‌ನ ಹಳೇ ವಸ್ತುಗಳ ವ್ಯಾಪಾರಿಯ ಕೈ ಸೇರಿದವು. ಅಲ್ಲಿಂದ ಒಂದಷ್ಟು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ. ಮಾರಿದವರಿಗೆ ಅದು ಹಳೇ ಬಚ್ಚಲಿನ ಟೈಲು. ಯಾರನ್ನು ಬೈಯುವುದು? ನಮ್ಮಲ್ಲೂ ಹಳೇ ತೊಟ್ಟಿಮನೆ ಕೆಡವಿ ಕೆತ್ತನೆಯ ಕಂಬವನ್ನು ಗುಜರಿಗೆ ಹಾಕಿ, ಆಮೇಲೆ ರೆಸಾರ್ಟಿನಲ್ಲಿ ಅದೇ ಕಂಬದ ಮುಂದೆ ಫೋಟೊ ತೆಗೆಸಿಕೊಳ್ಳುತ್ತೇವೆ.

ಇಲ್ಲಿ ಜೀರ್ಣೋದ್ಧಾರ ಮಾಡುವವರಿಗೆ ದೊಡ್ಡ ಗೊಂದಲ ಬರುತ್ತೆ. ಹೊಸ ಟೈಲು ಮಾಡಿಸಿ ಗೋಡೆ ತುಂಬಿಸಬಹುದು. ಇಝ್ನಿಕ್ ಶೈಲಿಯಲ್ಲಿ ಕೆಲಸ ಮಾಡುವವರು ಈಗಲೂ ಇದ್ದಾರೆ. ಆದರೆ ಹಾಗೆ ಮಾಡಿದರೆ ಯಾವುದು ಬಾರ್ಬರೋಸ್ ಕಾಲದ್ದು, ಯಾವುದು ನಿನ್ನೆಯದ್ದು ಅಂತ ಹೇಗೆ ಗೊತ್ತಾಗಬೇಕು? ಚಿನಿಲಿಯಲ್ಲಿ ಹಮಾಮಿಗೆ ಸೇರಿದಂತೆ ಒಂದು ಮ್ಯೂಸಿಯಂ ಮಾಡಿದರು. ಸಿಕ್ಕ ಚೂರುಗಳನ್ನು ಅಲ್ಲಿಟ್ಟರು. ಚಿತ್ತಾರ ಪೂರ್ತಿ ಇದ್ದಾಗ ಹೇಗಿತ್ತು ಅನ್ನುವುದನ್ನು ಡಿಜಿಟಲ್ ಚಿತ್ರಗಳಲ್ಲಿ ತೋರಿಸಿದರು. ಇದು ಸರಿಯಾದ ದಾರಿ ಅಂತ ನನಗನ್ನಿಸುತ್ತೆ. ಕಳೆದುಹೋದದ್ದು ಕಳೆದುಹೋಗಿದೆ ಅಂತ ಗೋಡೆಯೇ ಹೇಳಬೇಕು.

ಟೈಲಿನಲ್ಲಿ ಇಷ್ಟು ಪ್ರಾಮಾಣಿಕತೆ ಸಾಧ್ಯ. ಬೆಂಕಿಯಲ್ಲಿ ಕಷ್ಟ. ಜೀರ್ಣೋದ್ಧಾರವಾದ ಹಮಾಮುಗಳಲ್ಲಿ ಸೌದೆ ಒಲೆ ಈಗ ಅಪರೂಪ. ಗ್ಯಾಸ್ ಬಾಯ್ಲರ್ ಬಂದಿದೆ. ಎಷ್ಟೋ ಕಡೆ ಹೊಗೆಯ ಬದಲು ನೆಲದಡಿ ಪೈಪಿನಲ್ಲಿ ಬಿಸಿನೀರು ಹರಿಯುತ್ತೆ. ನರಕ ಇದೆ, ಬೆಂಕಿ ಇಲ್ಲ. ಊರಿನ ಗಾಳಿಗೆ ಒಳ್ಳೆಯದೇ ಆಯಿತು, ಬಿಡಿ.

ನನಗೆ ಚುಚ್ಚುವ ಬದಲಾವಣೆ ಬೇರೆ. ಬಡಾವಣೆಯ ಬಡವರು ಎರಡು ಕಾಸಿಗೆ ಮೈ ತೊಳೆಯಲಿ ಅಂತ ಇದ್ದ ಜಾಗ ಈಗ ಮುಂಗಡ ಬುಕ್ ಮಾಡಿ ಬರುವ ಪ್ರವಾಸಿಗರದ್ದು. ಸುತ್ತಲಿನ ಮನೆಗಳವರಿಗೆ ಆ ದರ ನಿಲುಕುವಂಥದ್ದಲ್ಲ. ಆದರೆ ಅಷ್ಟು ದುಡ್ಡು ಹಾಕಿದವರು ಎರಡು ಕಾಸಿಗೆ ಬಿಟ್ಟರೆ ಬಾಯ್ಲರ್ ಉರಿಯುವುದು ಹೇಗೆ? ಬಾರ್ಬರೋಸ್ ಕಾಲದಲ್ಲೂ ಇದು ಧರ್ಮಕ್ಕೆ ನಡೆದದ್ದಲ್ಲ, ವರಮಾನಕ್ಕೇ ಕಟ್ಟಿದ್ದು. ವರಮಾನ ಆಗ ಮದರಸಾಕ್ಕೆ ಹೋಗುತ್ತಿತ್ತು ಅನ್ನುವುದೊಂದು ವ್ಯತ್ಯಾಸ.

ಇದನ್ನೆಲ್ಲ ನೋಡೋಕೆ ಇಸ್ತಾಂಬುಲ್‌ಗೇ ಹೋಗಬೇಕಿಲ್ಲ. ಬೀದರ್ ಕೋಟೆಯೊಳಗೆ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆಯಲ್ಲ, ಅದು ಇರುವುದು ಶಾಹಿ ಹಮಾಮಿನಲ್ಲೇ, ಅಂದರೆ ಅರಮನೆಯವರ ಸ್ನಾನದ ಮನೆಯಲ್ಲಿ. ಮುಂದಿನ ಸಲ ಹೋದರೆ ವಿಗ್ರಹ, ಆಯುಧಗಳನ್ನು ನೋಡಿದ ಮೇಲೆ ಒಂದು ನಿಮಿಷ ನಿಂತು ನೆಲ, ಗೋಡೆ, ಮೇಲಿನ ಚಾವಣಿ ನೋಡಿ. ನೀರು ಯಾವ ಕಡೆಯಿಂದ ಬರುತ್ತಿತ್ತು, ಒಲೆ ಎಲ್ಲಿತ್ತು ಅಂತ ಹುಡುಕಿ.